ಉಳಿಸಿದ ಹದಿನೈದು ದಿನ

ಮರುಕಳಿಸಿದೆ ಎಂಬ ಮಾತನ್ನು ಕಾಂಪೌಂಡರ್ ಖಾಜಾ ಪೀರ್ ಎಷ್ಟು ವಿನಯದಿಂದ ಹೇಳಿದನೆಂದರೆ, ಯಾರದೋ ಮದುವೆಗೆ ಕರೆಯುತ್ತಿದ್ದಾನೇನೋ ಎಂದು ಡಾಕ್ಟರ್ ಷಣ್ಮುಖಪ್ಪನಿಗೆ ಒಂದು ಕ್ಷಣ ಅನ್ನಿಸಿತು. ಮಂಗಳವಾರ ಬೆಳಗಿನ ಎಂಟು ಗಂಟೆ. ಶಿವಮೊಗ್ಗದ ಗಾಂಧಿ ಬಜಾರಿನ ದವಾಖಾನೆಯಲ್ಲಿ ಕಸ ಗುಡಿಸಿದ ಧೂಳು ಇನ್ನೂ ಕೂತಿರಲಿಲ್ಲ. ಖಾಜಾ ಪೀರ್ ಮಿಕ್ಸ್ಚರ್ ಬಾಟಲಿಗೆ ಡೋಸಿನ ಗುರುತಿನ ಕಾಗದದ ಪಟ್ಟಿ ಅಂಟಿಸುತ್ತಿದ್ದವನು ತಲೆ ಎತ್ತದೆ, ‘ನಮ್ಮಕ್ಕನ ಮಗ ನಿಯಾಜ್‌ಗೆ ಜ್ವರ ಮರುಕಳಿಸಿದೆ ಅಂತ ಭದ್ರಾವತಿಯಿಂದ ಸುದ್ದಿ ಬಂದಿದೆ ಸಾರ್. ಮೂರು ದಿನ ಆಯ್ತಂತೆ,’ ಅಂದ. ಅಂದು, ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ನೀಟಾಗಿ ಕೂರಿಸಿದ. ಬೇರೆ ಜ್ವರ ಇರಬೇಕು ಎಂದು ಡಾಕ್ಟರು ಹೇಳಿದ್ದಕ್ಕೆ ಇರಬಹುದು ಸಾರ್ ಎಂದ. ಹನ್ನೆರಡು ವರ್ಷದಿಂದ ಈ ಮನುಷ್ಯ ಎಲ್ಲದಕ್ಕೂ ಇರಬಹುದು ಸಾರ್ ಎನ್ನುತ್ತಲೇ ಬಂದಿದ್ದಾನೆ. ಅದು ಬೈಗುಳವಾಗಿಯೂ ಕೇಳಬಹುದೆಂದು ಷಣ್ಮುಖಪ್ಪನಿಗೆ ಇವತ್ತೇ ಗೊತ್ತಾದದ್ದು. ಎದುರು ನಿಂತು ನಾಲ್ಕು ಮಾತು ಅಂದಿದ್ದರೆ ತಾನೂ ನಾಲ್ಕು ಅಂದು ಕೈ ತೊಳೆದುಕೊಳ್ಳಬಹುದಿತ್ತು. ಇವನೋ ಇನ್ನೊಂದು ಬಾಟಲಿ ಎತ್ತಿಕೊಂಡ.

ಮೇಜಿನ ಮೇಲೆ ಗಾಜಿನ ಒಂದು ಸಣ್ಣ ಜಾಡಿ ಇತ್ತು. ಅದರೊಳಗೆ ಹುಣಸೆ ಬೀಜ, ಹೊರಗೆ ಚೀಟಿ: ‘ಉಳಿತಾಯ.’ ಚೀಟಿ ಬರೆದದ್ದು ಸ್ವತಃ ಡಾಕ್ಟರರೇ, ದುಂಡು ಅಕ್ಷರದಲ್ಲಿ. ಬಂದವರು ಇದೇನು ಸಾರ್ ಎಂದು ಕೇಳಲೇಬೇಕು, ಕೇಳಿದರೆ ಇವನು ಹೇಳಲೇಬೇಕು. ವಿಷಮಶೀತ ಜ್ವರವೆಂದರೆ ಇಪ್ಪತ್ತೊಂದು ದಿನದ ಜ್ವರವೆಂದು ಈ ಊರಿನ ಎಮ್ಮೆ ಕಾಯುವವರಿಗೂ ಗೊತ್ತು. ಅದು ಬಂದರೆ ಮನೆಯವರು ದಿನ ಎಣಿಸುತ್ತ, ಗಂಜಿ ಬಸಿಯುತ್ತ, ದೇವರಿಗೆ ಹರಕೆ ಹೊರುತ್ತ ಕೂರುವುದು, ಇಪ್ಪತ್ತೊಂದನೇ ದಿನ ಒಂದೋ ಜ್ವರ ಹೋಗುವುದು ಇಲ್ಲವೇ ರೋಗಿ. ಅಂಥ ಜ್ವರವನ್ನು ಡಾಕ್ಟರ್ ಷಣ್ಮುಖಪ್ಪ ಕ್ಲೋರಾಂಫೆನಿಕಾಲ್ ಎಂಬ ಹೊಸ ಕ್ಯಾಪ್ಸೂಲಿನಿಂದ ಮೂರು ದಿನಕ್ಕೆ ಇಳಿಸುತ್ತಿದ್ದ. ಒಬ್ಬರಿಗಲ್ಲ, ಇಬ್ಬರಿಗಲ್ಲ, ಶಿವಮೊಗ್ಗ ಭದ್ರಾವತಿ ಸೇರಿ ಹನ್ನೊಂದು ಮಂದಿಗೆ. ಕಂಡುಹಿಡಿದವರು ಯಾವ ದೇಶದವರೋ, ಮಾಡಿದವರು ಯಾವ ಕಾರ್ಖಾನೆಯವರೋ, ಹೆಸರು ಮಾತ್ರ ಇವನಿಗೆ ಬಂತು. ‘ಮೂರು ದಿನದ ಡಾಕ್ಟ್ರು’ ಎಂದು ಟಾಂಗಾದವರು ಕೂಡ ದಾರಿ ತೋರಿಸುತ್ತಿದ್ದರು. ಇವನು ಆ ಹೆಸರನ್ನು ಕೇಳಿಸಿಕೊಳ್ಳದವನ ಹಾಗೆ ನಡೆಯುವುದನ್ನು ಕಲಿತಿದ್ದ, ಅದಕ್ಕೂ ಸ್ವಲ್ಪ ಅಭ್ಯಾಸ ಬೇಕಾಗಿತ್ತು.

ಜಾಡಿಯ ಬೀಜ ಹಾಜರಾಳ ಮನೆಯದು. ಹಾಜರಾ ಖಾಜಾ ಪೀರನ ಅಕ್ಕ, ಭದ್ರಾವತಿ ಹಳೇನಗರದಲ್ಲಿ ಹೊಳೆಯ ಕಡೆಯ ಬೀದಿಯಲ್ಲಿ ಅವಳ ಮನೆ. ಒಬ್ಬನೇ ಮಗ ನಿಯಾಜ್, ಇಪ್ಪತ್ತನಾಲ್ಕು ವರ್ಷ, ಲಾರಿ ರಿಪೇರಿ ಮಾಡುವವನು. ಅವನು ಮಲಗಿದಾಗ ಅವಳು ತಲೆದೆಸೆಯಲ್ಲಿ ಎರಡು ಪಿಂಗಾಣಿ ಬಟ್ಟಲು ಇಟ್ಟು, ಒಂದರಲ್ಲಿ ಇಪ್ಪತ್ತೊಂದು ಹುಣಸೆ ಬೀಜ ಹಾಕಿ, ದಿನಕ್ಕೆ ಒಂದರಂತೆ ಇನ್ನೊಂದಕ್ಕೆ ವರ್ಗಾಯಿಸುತ್ತಿದ್ದಳು. ಮೂರು ಬೀಜ ದಾಟಿದ ಮೇಲೆ ಖಾಜಾ ಪೀರ್ ಡಾಕ್ಟರರನ್ನು ಕರೆದುಕೊಂಡು ಹೋದ. ಇನ್ನು ಮೂರು ದಾಟುವಷ್ಟರಲ್ಲಿ ಜ್ವರ ಇಳಿದಿತ್ತು. ಥರ್ಮಾಮೀಟರು ಜಾಡಿಸಿ ಮೇಲೆದ್ದ ಷಣ್ಮುಖಪ್ಪನಿಗೆ ಆ ಉಳಿದ ಹದಿನೈದು ಬೀಜ ಕಂಡು ತಮಾಷೆಯ ಹುಕ್ಕಿ ಬಂತು. ಬಟ್ಟಲನ್ನು ಅಂಗೈಗೆ ಬಗ್ಗಿಸಿಕೊಂಡು, ಈ ಹದಿನೈದು ದಿನ ನಿಮಗೆ ಉಳಿಸಿಕೊಟ್ಟಿದ್ದೀನಮ್ಮ, ಇದೇ ನನ್ನ ಫೀಜು ಎಂದು ಕೋಟಿನ ಜೇಬಿಗೆ ಹಾಕಿಕೊಂಡ. ಬಾಗಿಲಲ್ಲಿ ನಿಂತಿದ್ದ ನೆರೆಹೊರೆಯವರು ನಕ್ಕರು. ಹಾಜರಾ ನಗಲಿಲ್ಲ. ಖಾಲಿ ಬಟ್ಟಲನ್ನು ನೋಡಿದಳು, ಆಮೇಲೆ ಮಗನನ್ನು ನೋಡಿದಳು, ಆಮೇಲೆ ಡಾಕ್ಟರಿಗೆ ಕೈ ಮುಗಿದಳು. ಅದೇ ಬೀಜಗಳಿಂದ ಅವಳು ಹತ್ತು ವರ್ಷದ ಹಿಂದೆ ಗಂಡ ಪೀರ್ ಬಾಷಾನ ಜ್ವರವನ್ನೂ ಎಣಿಸಿದ್ದಳು, ಹತ್ತೊಂಬತ್ತನೇ ದಿನ ಅವನ ಹೊಟ್ಟೆ ಗಟ್ಟಿಯಾಗಿ, ರಕ್ತ ಹೋಗಿ, ಎರಡು ಬೀಜ ಹಾಗೇ ಉಳಿದವು ಎಂದು ವಾಪಸು ಬರುವಾಗ ರೈಲಿನಲ್ಲಿ ಖಾಜಾ ಪೀರ್ ತನ್ನ ಎಂದಿನ ವಿನಯದಿಂದ ಹೇಳಿದ್ದ. ಷಣ್ಮುಖಪ್ಪನಿಗೆ ಬೇಸರವಾಗಿತ್ತು. ಆ ಬೇಸರ ಶಿವಮೊಗ್ಗ ಸ್ಟೇಷನ್ನಿನವರೆಗೂ ಇತ್ತು.

ಈಗ ಅವನು ಜಾಡಿಯನ್ನು ಮೇಜಿನ ಮೇಲೆ ಬಗ್ಗಿಸಿ ಎಣಿಸಿದ. ಹದಿನಾಲ್ಕು. ಮತ್ತೆ ಎಣಿಸಿದರೂ ಹದಿನಾಲ್ಕೇ. ಮೇಜಿನ ಕೆಳಗೆ ಬಗ್ಗಿ ನೋಡಿದ, ಡ್ರಾಯರ್ ಎಳೆದು ನೋಡಿದ. ಡ್ರಾಯರಿನಲ್ಲಿ ಬೀಜವಿರಲಿಲ್ಲ, ಜೊತೆಗೆ ಓದಿದ ಗೋವಿಂದಯ್ಯನ ಕಾಗದ ಇತ್ತು. ಅದು ಕಣ್ಣಿಗೆ ಬೀಳಬಾರದೆಂದೇ ಅವನು ಎಂಟು ದಿನದಿಂದ ಡ್ರಾಯರನ್ನೇ ಎಳೆದಿರಲಿಲ್ಲ. ಬೀಜಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಕಪಾಟಿನಿಂದ ಕ್ಯಾಪ್ಸೂಲಿನ ಎರಡು ಸೀಸೆ ಬ್ಯಾಗಿಗೆ ಹಾಕಿಕೊಂಡು, ಸಂಜೆಗೆ ಬರ್ತೀನಿ ಎಂದು ಖಾಜಾ ಪೀರನಿಗೆ ಹೇಳಿದ. ನಾನೂ ಬರಲಾ ಎಂದು ಅವನು ಕೇಳಬಹುದೆಂದು ಹೆದರಿದ್ದ. ಅವನು ಕೇಳಲಿಲ್ಲ. ಕೇಳಬೇಕಾಗಿತ್ತು, ಅಕ್ಕನ ಮಗ ಅಲ್ಲವೇ, ಎಂದು ಸ್ಟೇಷನ್ನಿನ ದಾರಿಯಲ್ಲಿ ಅವನ ಮೇಲೆ ಸಿಟ್ಟೂ ಬಂತು.

ರೈಲಿನಲ್ಲಿ ಜಂಬಣ್ಣ ಸಿಕ್ಕ. ಸಿಗದೆ ಇರುತ್ತಾನೆಯೇ? ಯಾವತ್ತು ಯಾರೂ ಬೇಡವೋ ಅವತ್ತೇ ಜಂಬಣ್ಣ ಸಿಗುವುದು. ಮರದ ಕಂತ್ರಾಟಿನವನು, ಹೊಟ್ಟೆಗಿಂತ ಗಂಟಲು ದೊಡ್ಡದು. ಅವನ ಮಾವ ಹನ್ನೊಂದು ಮಂದಿಯಲ್ಲಿ ಒಬ್ಬ. ಡಬ್ಬಿಯಲ್ಲಿದ್ದ ಅಷ್ಟೂ ಜನಕ್ಕೆ ಕೇಳುವಂತೆ ಇವರೇ ಕಣ್ರೀ ಮೂರು ದಿನದ ಡಾಕ್ಟ್ರು ಎಂದು ಪರಿಚಯ ಮಾಡಿಸಿ, ಮೂಲೆಯಲ್ಲಿದ್ದ ಮುದುಕನನ್ನು ಸರಿಸಿ ಕಿಟಕಿಯ ಪಕ್ಕ ಜಾಗ ಕೊಡಿಸಿದ. ಮುದುಕ ಎದ್ದು ನಿಂತು ನಮಸ್ಕಾರ ಬೇರೆ ಮಾಡಿದ. ಮಾವ ಹೇಗಿದ್ದಾರೆ ಎಂದು ಷಣ್ಮುಖಪ್ಪ ಕೇಳಿದ. ಕೇಳಿದ ಮೇಲೆ, ಆ ಹನ್ನೊಂದು ಮಂದಿಯಲ್ಲಿ ಯಾರೊಬ್ಬರ ವಿಚಾರವನ್ನೂ ತಾನು ಇದಕ್ಕೆ ಮೊದಲು ಕೇಳಿರಲಿಲ್ಲವೆಂದು ಹೊಳೆಯಿತು. ಕಲ್ಲುಗುಂಡಿನ ಹಾಗಿದ್ದಾರೆ, ನೀವು ಮಾರಾಯ್ರೆ ಬ್ರಹ್ಮನ ಬರಹ ತಿದ್ದೋರು ಎಂದು ಜಂಬಣ್ಣ ಡಾಕ್ಟರರ ತೊಡೆ ತಟ್ಟಿದ. ಜೇಬಿನಲ್ಲಿ ಬೀಜಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಆ ಸದ್ದಿಗೇ ನೆನಪಾಯಿತು, ಹದಿನೈದನೆಯದು ಎಲ್ಲಿ ಹೋಯಿತೆಂದು. ಹೋದ ತಿಂಗಳ ಕೊನೆಯಲ್ಲಿ ದವಾಖಾನೆಯಲ್ಲಿ ನಾಲ್ಕಾರು ಜನ ಕೂತಿದ್ದಾಗ, ಯಾರೋ ಜಾಡಿಯ ವಿಷಯ ಕೇಳಿದ್ದಕ್ಕೆ ಇವನು ಒಂದು ಬೀಜ ತೆಗೆದು, ಹೀಗೆ ಹೋಯ್ತು ನೋಡಿ ಒಂದು ದಿನ ಎಂದು ಕಿಟಕಿಯಿಂದ ಬಜಾರಿನ ಚರಂಡಿಗೆ ಚಿಮ್ಮಿದ್ದ. ಎಲ್ಲ ನಕ್ಕಿದ್ದರು. ಖಾಜಾ ಪೀರ್ ಆಗಲೂ ಬಾಟಲಿಗೆ ಪಟ್ಟಿ ಅಂಟಿಸುತ್ತಿದ್ದನೇ? ಅಂಟಿಸುತ್ತಿದ್ದ.

ಹುಟ್ಟೂರು ಕುಂಸಿಯ ಮನೆಯಲ್ಲಿ ಷಣ್ಮುಖಪ್ಪನಿಗೂ ಅದೇ ಜ್ವರ ಬಂದಿತ್ತು, ಹತ್ತು ವರ್ಷದವನಿದ್ದಾಗ. ಆಗ ಕ್ಯಾಪ್ಸೂಲು ಎಲ್ಲಿತ್ತು, ಅವ್ವ ಕಲ್ಲಮ್ಮ ಇದ್ದಳು. ಅಕ್ಕಿ ಗಂಜಿಯ ತಿಳಿ, ಹಣೆಗೆ ಒದ್ದೆ ಬಟ್ಟೆ, ಗೋಡೆಯ ಮೇಲೆ ದಿನಕ್ಕೊಂದು ವಿಭೂತಿಯ ಗೀಟು. ಹದಿನೆಂಟನೇ ದಿನ ನನ್ನನ್ನೇ ನೀನು ಯಾರು ಅಂತ ಕೇಳಿದ್ಯಲ್ಲೋ ಎಂದು ಅವಳು ಸಾಯುವವರೆಗೂ ಹೇಳುತ್ತಿದ್ದಳು, ಹೇಳಿದಾಗಲೆಲ್ಲ ಅಳುತ್ತಿದ್ದಳು. ಕೂದಲೆಲ್ಲ ಉದುರಿ, ಗೋಡೆ ಹಿಡಿದು ಮತ್ತೆ ನಡೆಯಲು ಕಲಿತದ್ದು ನೆನಪಿದೆ. ಅವತ್ತಿನಿಂದ ಇವತ್ತಿನವರೆಗೆ ಮೂವತ್ತೆರಡು ವರ್ಷ, ಯಾವ ಊರಿನ ಯಾವ ಬಾವಿಯ ನೀರು ಕುಡಿದರೂ ಆ ಜ್ವರ ಮತ್ತೆ ಅವನ ಹತ್ತಿರ ಸುಳಿಯಲಿಲ್ಲ. ಸುತ್ತ ಹತ್ತು ಜನ ಮಲಗಿದಾಗ ಇವನೊಬ್ಬ ಓಡಾಡುತ್ತಿದ್ದ. ಅದಕ್ಕೆ ತನ್ನ ಶಿಸ್ತು ಕಾರಣ, ಬೆಳಗಿನ ತಣ್ಣೀರು ಸ್ನಾನ ಕಾರಣ ಎಂದು ಅವನು ರೋಗಿಗಳಿಗೆ ಉಪದೇಶ ಮಾಡಿದ್ದುಂಟು. ಅವ್ವ ಕಾದು ಕೂತ ಇಪ್ಪತ್ತೊಂದು ದಿನದಲ್ಲಿ ತನ್ನ ಮೈ ಆ ಜ್ವರದ ಮುಖವನ್ನು ನೋಡಿ ನೋಡಿ ಗುರುತಿಟ್ಟುಕೊಂಡಿತ್ತು ಎಂಬುದು ಓದಿದವನಾಗಿ ಗೊತ್ತಿರಬೇಕಾಗಿತ್ತು. ಗೊತ್ತೂ ಇತ್ತು. ಪರೀಕ್ಷೆಯಲ್ಲಿ ಅದರ ಮೇಲೆ ಎರಡು ಪುಟ ಬರೆದಿದ್ದ.

ಗೋವಿಂದಯ್ಯ ಹಾಗೆ ನೋಡಿದರೆ ಕೆಟ್ಟವನಲ್ಲ. ಇವನ ಸಹಪಾಠಿ, ಈಗ ದೊಡ್ಡ ಊರಿನ ಆಸ್ಪತ್ರೆಯಲ್ಲಿದ್ದಾನೆ, ತನಗೆ ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳುವಾಗ ಸ್ವಲ್ಪವೂ ಸಂಭ್ರಮಪಡುವುದಿಲ್ಲ. ಅದೇ ಅವನಲ್ಲಿರುವ ದೋಷ. ಹನ್ನೊಂದು ಕೇಸಿನ ಪರಾಕ್ರಮವನ್ನು ಷಣ್ಮುಖಪ್ಪ ನಾಲ್ಕು ಪುಟ ಬರೆದು ಕಳಿಸಿದ್ದಕ್ಕೆ ಅವನು ಒಂದೇ ಪುಟದ ಉತ್ತರ ಬರೆದಿದ್ದ. ಕ್ಯಾಪ್ಸೂಲು ಕ್ರಿಮಿಯನ್ನು ಬೇಗ ಹೊಡೆಯುತ್ತದೆ, ನಿಜ. ಆದರೆ ಮೊದಲ ವಾರದಲ್ಲೇ ಹೊಡೆದು, ಜ್ವರ ಇಳಿಯಿತೆಂದು ನಿಲ್ಲಿಸಿಬಿಟ್ಟರೆ, ಆ ಕ್ರಿಮಿಯ ಗುರುತು ಹಿಡಿಯಲು ದೇಹಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಕರುಳಿನಲ್ಲೋ ಪಿತ್ತಕೋಶದಲ್ಲೋ ಅಡಗಿ ಉಳಿದ ನಾಲ್ಕು ಕ್ರಿಮಿ ಹದಿನೈದು ದಿನ ಬಿಟ್ಟು ಹೊರಗೆ ಬಂದಾಗ ದೇಹ ಅದನ್ನು ಹೊಸಬನೆಂದೇ ತಿಳಿದು ಬಾಗಿಲು ತೆರೆಯುತ್ತದೆ. ಗುಳಿಗೆ ಬಂದ ಮೇಲೆ ಮರುಕಳಿಸುವುದು ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಜ್ವರ ಬಿಟ್ಟ ಮೇಲೂ ಗುಳಿಗೆ ಕೊಡು, ಒಟ್ಟು ಹದಿನಾಲ್ಕು ದಿನ, ಆಮೇಲೂ ಕಣ್ಣಿಡು. ಕೊನೆಯಲ್ಲಿ ಒಂದು ಸಾಲು: ‘ನಿನ್ನ ಹನ್ನೊಂದು ಜನರಲ್ಲಿ ಎಷ್ಟು ಜನರನ್ನು ನೀನು ಮೂರನೇ ವಾರ ಹೋಗಿ ನೋಡಿದ್ದೀ?’ ಷಣ್ಮುಖಪ್ಪ ಕಾಗದವನ್ನು ಮಡಿಸಿ, ಹೊಟ್ಟೆಕಿಚ್ಚಿನ ಮನುಷ್ಯ ಎಂದುಕೊಂಡು ಡ್ರಾಯರಿಗೆ ಹಾಕಿದ್ದ. ಮರುದಿನವೇ ಮಂಗಳವಾರ; ಮಂಗಳವಾರ, ಶುಕ್ರವಾರ ಅವನು ಭದ್ರಾವತಿಯ ರೋಗಿಗಳನ್ನು ನೋಡಲು ಬರುವ ದಿನ. ಬಂದ. ಹಾಜರಾಳ ಬೀದಿಯ ತಿರುವಿನವರೆಗೂ ಹೋದ. ಗುಳಿಗೆ ಮತ್ತೆ ನುಂಗಲಿ ಎಂದರೆ ಮೂರು ದಿನದ ಡಾಕ್ಟ್ರಿಗೆ ಏನರ್ಥ? ಹಾರ ಹಾಕಿಸಿಕೊಂಡ ಕುತ್ತಿಗೆ ಅದು. ತಿರುವಿನಲ್ಲಿ ನಿಂತು ಕೋಟಿನ ಧೂಳು ಕೊಡವಿಕೊಂಡು ಹಿಂದಕ್ಕೆ ಹೋದ. ಶುಕ್ರವಾರ ಬಂದಾಗ ತಿರುವಿನವರೆಗೂ ಹೋಗಲಿಲ್ಲ.

ಹಾರದ ಸಂಗತಿಯೂ ನಡೆದದ್ದೇ. ಕಾಯಿಲೆ ಬಿಟ್ಟವನ ತಲೆಗೆ ನೀರು ಹಾಕುವುದು ಎಲ್ಲರ ಮನೆಯಲ್ಲೂ ಉಂಟು, ತಲೆಗೆ ನೀರು ಬಿದ್ದರೆ ಕಾಯಿಲೆ ಮುಗಿಯಿತು ಎಂದೇ ಲೆಕ್ಕ. ಹಾಜರಾಳ ಮನೆಯಲ್ಲಿ ಅದನ್ನು ಗುಸ್ಲೇ ಸೇಹತ್ ಅನ್ನುತ್ತಾರೆ, ನಾಲ್ಕು ಜನಕ್ಕೆ ಊಟ ಹಾಕುತ್ತಾರೆ. ಇಪ್ಪತ್ತೊಂದು ಆಗ್ಲಿ ಎಂದು ಅವಳು ಮೆಲ್ಲಗೆ ಹೇಳಿದ್ದಳು. ನಾಳೆಯೇ ಹಾಕಿ, ಗುಳಿಗೆ ಸಾಕು, ಏನು ಬೇಕಾದರೂ ತಿನ್ನಲಿ ಎಂದು ಅಪ್ಪಣೆ ಕೊಟ್ಟವನು ಇವನು. ಮಾರನೇ ದಿನ ನಿಯಾಜ್ ಬಿಳಿ ಜುಬ್ಬಾ ತೊಟ್ಟು ಕೂತಿದ್ದ, ಸೇವಂತಿಗೆ ಹಾರ ಮಾತ್ರ ಡಾಕ್ಟರಿಗೆ. ಮಾಂಸ ಮುಟ್ಟದ ಡಾಕ್ಟರಿಗೆಂದು ಬಾಳೆಹಣ್ಣು, ಎಳನೀರು ಬೇರೆ ಇಟ್ಟಿದ್ದರು. ಅವನು ವಿಜ್ಞಾನದ ಮೇಲೆ ಎರಡು ಮಾತನ್ನೂ ಆಡಿದ್ದ. ಸಂಪ್ರದಾಯಕ್ಕೆ ನಮಸ್ಕಾರ, ಆದರೆ ಕ್ರಿಮಿಗೆ ಹುಣಸೆ ಬೀಜದ ಲೆಕ್ಕ ಗೊತ್ತಿಲ್ಲ ಎಂದು ಹೇಳಿ ಚಪ್ಪಾಳೆಗೆ ಕಾದಿದ್ದ. ಬಡಪಾಯಿಗಳು ತಟ್ಟಿದರು.

ಭದ್ರಾವತಿಯಲ್ಲಿ ಇಳಿದಾಗ ಕಾರ್ಖಾನೆಯ ಸೈರನ್ ಆಗಿ, ನ್ಯೂ ಟೌನ್ ಕಡೆಯ ಸೈಕಲ್ಲುಗಳು ತಮಿಳು ತೆಲುಗು ಮಾತಾಡುತ್ತ ಹರಿದು ಹೋಗುತ್ತಿದ್ದವು. ಸ್ಟೇಷನ್ ದಾಟಿ ಹಳೇನಗರದ ಕಡೆ ಹೋಗುವ ದಾರಿಯಲ್ಲಿ ಹುಣಸೆ ಮರವೊಂದಿತ್ತು. ಷಣ್ಮುಖಪ್ಪ ಅದನ್ನು ದಾಟಿ ಇಪ್ಪತ್ತು ಹೆಜ್ಜೆ ಹೋದ, ಹಿಂದಕ್ಕೆ ಬಂದ. ಹದಿನಾಲ್ಕು ಬೀಜ ಕೊಟ್ಟರೆ ಅವಳು ಎಣಿಸುತ್ತಾಳೆ. ಎಣಿಸಿದರೆ ಚರಂಡಿಯ ಕತೆ ಹೇಳಬೇಕಾಗುತ್ತದೆ. ಅತ್ತಿತ್ತ ನೋಡಿ, ಬ್ಯಾಗನ್ನು ಕಲ್ಲಿನ ಮೇಲಿಟ್ಟು, ಪ್ಯಾಂಟಿನ ಮಂಡಿ ಮಡಚಿ ಕುಕ್ಕರಗಾಲಲ್ಲಿ ಕೂತ. ದನ ತುಳಿದ ಸಿಪ್ಪೆ, ಇರುವೆ, ಮಣ್ಣು. ಕೆದಕಿ ಕೆದಕಿ ಒಂದು ಬೀಜ ಸಿಕ್ಕಿತು. ಅದನ್ನು ಕರವಸ್ತ್ರದ ತುದಿಯಲ್ಲಿ ಉಜ್ಜಿ, ಸಾಲದೆ ಎಂಜಲು ಹಚ್ಚಿ ಉಜ್ಜುತ್ತಿದ್ದಾಗ ಹಿಂದೆ ಜಂಬಣ್ಣನ ಗಂಟಲು ಕೇಳಿತು: ಏನು ಕಳಕೊಂಡ್ರಿ ಡಾಕ್ಟ್ರೇ, ಉಂಗುರವಾ? ಬೀಜವನ್ನು ಕರವಸ್ತ್ರದ ಗಂಟಿಗೆ ತುರುಕಿ, ಹೌದು ಎಂದು ಇವನು ಹೇಳಿದ್ದೇ ತಪ್ಪಾಯಿತು. ಮಾರಾಯ ಬಿಡುತ್ತಾನೆಯೇ, ಪಂಚೆ ಎತ್ತಿ ಕಟ್ಟಿ ತಾನೂ ಕೂತ, ದಾರಿಯಲ್ಲಿ ಹೋಗುವ ಇಬ್ಬರನ್ನು ಕರೆದು ಕೂರಿಸಿದ. ಇಲ್ಲದ ಉಂಗುರವನ್ನು ನಾಲ್ಕು ಜನ ಕಾಲು ಗಂಟೆ ಹುಡುಕಿದರು. ಅಷ್ಟು ಹೊತ್ತೂ ನಿಯಾಜನ ಜ್ವರ ಏರುತ್ತಿರಬಹುದು ಎಂದು ಷಣ್ಮುಖಪ್ಪನಿಗೆ ಗೊತ್ತಿತ್ತು. ಸಿಕ್ಕಿತು ಸಿಕ್ಕಿತು ಎಂದು ಖಾಲಿ ಮುಷ್ಟಿ ಜೇಬಿಗೆ ಹಾಕಿಕೊಂಡು ಎದ್ದು, ಎಲ್ಲರಿಗೂ ಕೈ ಮುಗಿದು ಹೊರಟ. ತನ್ನ ಬಗ್ಗೆಯೇ ತನಗೆ ಹೇಸಿಗೆಯಾಯಿತು.

ಹಾಜರಾಳ ಮನೆಯಲ್ಲಿ ನಿಯಾಜ್ ಹಳೆಯ ಜಾಗದಲ್ಲೇ ಮಲಗಿದ್ದ. ಹದಿನೇಳು ದಿನದ ಹಿಂದೆ ಬಿಳಿ ಜುಬ್ಬಾದಲ್ಲಿ ನಗುತ್ತಿದ್ದವನ ಕೆನ್ನೆ ಒಳಗೆ ಹೋಗಿತ್ತು. ನೂರಾ ಮೂರೂವರೆ ಡಿಗ್ರಿ, ನಾಲಗೆಯ ಮೇಲೆ ಬೂದಿ ಬಳಿದ ಹಾಗೆ, ಹೊಟ್ಟೆ ಉಬ್ಬರ. ಷಣ್ಮುಖಪ್ಪ ಹೊಟ್ಟೆಯ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದ. ಮೆತ್ತಗಿತ್ತು, ಕರುಳು ಇನ್ನೂ ತೂತು ಬಿದ್ದಿರಲಿಲ್ಲ. ಮೊದಲ ಸಲ ಗಟ್ಟಿ ಆಳು ಜ್ವರ ಎದುರಿಸಿದ್ದ, ಈ ಸಲ ಎದುರಿಸಲು ಅವನಲ್ಲಿ ಏನೂ ಉಳಿದಿರಲಿಲ್ಲ. ಗುಳಿಗೆ ಇವತ್ತೇ ಶುರುವಾಗಬೇಕು. ಬ್ಯಾಗಿನಿಂದ ಸೀಸೆ ತೆಗೆದು ನೀರು ತನ್ನಿ ಎಂದ. ಹಾಜರಾ ತರಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮಗನ ಕಾಲ ಹತ್ತಿರ ಕೂತಳು.

‘ಗುಳಿಗೆ ಬೇಡ ಡಾಕ್ಟ್ರೇ,’ ಅಂದಳು. ‘ಒಂದ್ಸಲ ಅರ್ಧ ಊಟದಲ್ಲೇ ಎಬ್ಬಿಸಿ ಓಡ್ಸಿದ್ರಿ. ಸಿಟ್ಟು ಮಾಡ್ಕೊಂಡು ವಾಪಸ್ ಬಂತು. ಈ ಸಲ ಅದು ತನ್ನ ದಿನ ಮುಗಿಸ್ಕೊಂಡೇ ಹೋಗ್ಲಿ.’

ಅವನು ವಿವರಿಸಲು ಹೊರಟ. ಬ್ಯಾಕ್ಟೀರಿಯಾ ಎಂದ, ರಿಲ್ಯಾಪ್ಸ್ ಎಂದ, ಕೆಲವರಿಗೆ ಹೀಗಾಗುವುದುಂಟು ಎಂದ. ಆ ಕೆಲವರು ಯಾರೋ ಮುಂಬಯಿಯಲ್ಲಿರುವವರ ಹಾಗೆ ಹೇಳಿದ. ಅವಳು ಗೌರವದಿಂದ ಕೇಳಿಸಿಕೊಂಡಳು, ಕೇಳಿಸಿಕೊಂಡು ಬೇಡ ಎಂದಳು. ಅವಳ ಪಾಡಿಗೆ ಅವಳ ಮಾತು ಸರಿಯಾಗಿತ್ತು, ಆ ಸರಿಯಿಂದಲೇ ಹುಡುಗ ಸಾಯುತ್ತಿದ್ದ. ಗಂಡನ ಹತ್ತೊಂಬತ್ತು ದಿನವನ್ನು ನೆನಪಿಸಲೇ ಎಂದು ಬಾಯಿಯವರೆಗೂ ಬಂತು. ಅಷ್ಟು ಕೀಳು ಆಗಲು ಇವತ್ತು ಅವನಿಗೆ ಆಗಲಿಲ್ಲ. ಕೊನೆಗೆ ಏನೂ ತೋಚದೆ ಕರವಸ್ತ್ರ ಬಿಚ್ಚಿ ಬೀಜಗಳನ್ನು ಅವಳ ಮುಂದಿನ ಖಾಲಿ ಬಟ್ಟಲಿಗೆ ಸುರಿದ. ಅವಳ ಮುಖದಲ್ಲಿ ಒಂದು ಗೆಲುವು ಬಂತು. ಒಂದೊಂದೇ ಬೀಜವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿರುವಿ, ನೋಡದೆಯೇ, ಎರಡನೇ ಬಟ್ಟಲಿನಲ್ಲಿದ್ದ ಆರರ ಜೊತೆಗೆ ಹಾಕುತ್ತ ಹೋದಳು. ಒಂಬತ್ತನೆಯದಕ್ಕೆ ಬೆರಳು ನಿಂತಿತು.

‘ಇದು ನಮ್ಮದಲ್ಲ.’

ಎಲ್ಲ ಒಂದೇ ತರ ಇವೆಯಲ್ಲಮ್ಮ ಎಂದು ಅವನು ನಗಲು ನೋಡಿದ. ಕಣ್ಣಿಗೆ ಒಂದೇ, ಕೈಗೆ ಗೊತ್ತಾಗುತ್ತೆ, ಇವು ನಮ್ಮತ್ತೆ ಕಾಲದಿಂದ ಕೈಯಲ್ಲಿ ಆಡಿದವು ಎಂದು ಅವಳು ಸರಳವಾಗಿ ಹೇಳಿ, ಆ ಬೀಜವನ್ನು ಅವನ ಕಡೆ ಚಾಚಿದಳು. ಅವಳ ಕಣ್ಣಲ್ಲಿ ಆರೋಪವಿರಲಿಲ್ಲ, ಪ್ರಶ್ನೆ ಮಾತ್ರ ಇತ್ತು. ಷಣ್ಮುಖಪ್ಪ ಬೀಜವನ್ನು ನೋಡಿದ. ಅದರ ಅಂಚಿನಲ್ಲಿ ಇನ್ನೂ ಮಣ್ಣಿತ್ತು. ನಿಮ್ಮದೊಂದನ್ನು ನಾನು ಕಿಟಕಿಯಿಂದ ಎಸೆದೆ, ನಾಲ್ಕು ಜನ ನಗಲಿ ಅಂತ, ಇದು ಈಗ ದಾರೀಲಿ ಆರಿಸಿಕೊಂಡದ್ದು ಎಂದು ಹೇಳಿಬಿಟ್ಟ. ಸಣ್ಣ ಸುಳ್ಳು ಹೊರಗೆ ಬಿದ್ದ ಮೇಲೆ ದೊಡ್ಡದಕ್ಕೆ ಒಳಗೆ ಕೂರಲು ಜಾಗವಿರಲಿಲ್ಲ.

‘ಇನ್ನೊಂದಿದೆಯಮ್ಮ,’ ಅಂದ. ‘ಗುಳಿಗೆ ತಪ್ಪು ಮಾಡ್ಲಿಲ್ಲ, ನಾನು ಮಾಡ್ದೆ. ಬೇಗ ನಿಲ್ಲಿಸಿದ್ರೆ ಜ್ವರ ತಿರುಗತ್ತೆ ಅಂತ ಕಾಗದ ಬಂದು ಎಂಟು ದಿನ ಆಯ್ತು. ನಿಮ್ಮ ಬೀದಿ ತನಕ ಬಂದೆ. ಒಳಗೆ ಬರ್ಲಿಲ್ಲ.’

‘ಯಾಕೆ?’

‘ಮರ್ಯಾದೆ ಹೋಗತ್ತೆ ಅಂತ.’

‘ಯಾರದು?’ ಎಂದು ಹಾಜರಾ ಕೇಳಿದಳು. ವ್ಯಂಗ್ಯಕ್ಕೆ ಕೇಳಿದ್ದಲ್ಲ, ನಿಜಕ್ಕೂ ಗೊತ್ತಾಗದೆ ಕೇಳಿದಳು. ನಿಯಾಜ್ ನಿದ್ದೆಯಲ್ಲಿ ಏನೋ ಗೊಣಗಿ ಕಾಲು ಮಡಚಿದ. ಅವಳು ಮಗನ ಪಾದವನ್ನು ಹಿಡಿದುಕೊಂಡಳು. ಬೈಯುತ್ತಾಳೆ, ಎದ್ದು ಹೋಗಿ ಎನ್ನುತ್ತಾಳೆ ಎಂದು ಅವನು ಕಾದ. ಬೈದರೆ ಚೆನ್ನಾಗಿರುತ್ತಿತ್ತು ಎಂದು ಬೆಳಗಿನಿಂದ ಇದು ಎರಡನೇ ಸಲ ಅನ್ನಿಸಿದ್ದು. ಈ ಮನೆತನಕ್ಕೇ ಬೈಯಲು ಬರುವುದಿಲ್ಲವೋ ಏನೋ. ಕೊನೆಗೆ ಅವಳು, ಈ ಸಲ ಗುಳಿಗೆ ಎಷ್ಟು ದಿನ ಎಂದು ಕೇಳಿದಳು. ಹದಿನಾಲ್ಕು ಎಂದ. ಅವಳು ಅಷ್ಟೂ ಬೀಜವನ್ನು ಮೊದಲ ಬಟ್ಟಲಿಗೆ ವಾಪಸು ಸುರಿದು, ಮಣ್ಣಿನ ಬೀಜವನ್ನೂ ಅದರೊಳಗೇ ಹಾಕಿ, ಮೂರನ್ನು ತೆಗೆದು ಆಚೆ ಇಟ್ಟಳು. ಮೂರು ಹೋಯ್ತು, ಹದಿನಾಲ್ಕು ಗುಳಿಗೇದು, ಮಿಕ್ಕ ನಾಲ್ಕು ಯಾರದು ಎಂದಳು. ಅದೂ ನನ್ನದೇ, ದಿನಾ ಬಂದು ನೋಡ್ತೀನಿ ಎಂದ. ಆಗ ಅವಳು ಎದ್ದು ನೀರು ತಂದಳು.

ಹಾಗಾಗಿ ಶಿವಮೊಗ್ಗದ ಹೆಸರಾಂತ ಮೂರು ದಿನದ ಡಾಕ್ಟರು ಹದಿನೆಂಟು ದಿನ ಒಂದೇ ಮನೆಗೆ ರೈಲು ಹತ್ತಿದರು. ದಾರಿಯಲ್ಲಿ ಉಳಿದ ಹತ್ತು ಮನೆಯ ಬಾಗಿಲನ್ನೂ ತಟ್ಟಿ, ಜ್ವರ ಮತ್ತೆ ಬಂದಿತ್ತಾ ಎಂದು ಸಾಲ ಕೇಳುವವನ ಹಾಗೆ ಕೇಳಿದರು. ಜಂಬಣ್ಣನ ಮಾವ ಕಲ್ಲುಗುಂಡಿನ ಹಾಗೆಯೇ ಇದ್ದ, ಆದರೆ ಚೆನ್ನಾಗಿರುವವನನ್ನು ನೋಡಲು ಡಾಕ್ಟರು ಯಾಕೆ ಬಂದರೆಂದು ಮನೆಯವರು ಗಾಬರಿಬಿದ್ದು ಜೋಯಿಸರನ್ನು ಕೇಳಿದರಂತೆ. ದವಾಖಾನೆಯಲ್ಲಿ ಹದಿನಾಲ್ಕು ದಿನ ಗುಳಿಗೆ ಎಂದ ಕೂಡಲೇ ಜನ ಒಬ್ಬರ ಮುಖ ಒಬ್ಬರು ನೋಡಿ, ಎದುರು ಸಾಲಿನಲ್ಲಿ ಹೊಸದಾಗಿ ಬಂದ ಡಾಕ್ಟರರ ಹತ್ತಿರ ಹೋದರು. ಅವರು ಎರಡೇ ದಿನಕ್ಕೆ ಇಳಿಸುತ್ತಾರಂತೆ. ಜಾಡಿಯ ಚೀಟಿ ಕಿತ್ತು ಖಾಜಾ ಪೀರ್ ಅದರಲ್ಲಿ ಹತ್ತಿ ತುಂಬಿಸಿಟ್ಟ, ಕೇಳದೆಯೇ.

ಗುಳಿಗೆಗೆ ಜ್ವರ ಈ ಸಲವೂ ಬೇಗ, ನಾಲ್ಕೇ ದಿನಕ್ಕೆ ಇಳಿಯಿತು. ಯಾರೂ ಹಾರ ತರಲಿಲ್ಲ, ಇವನೂ ಕುತ್ತಿಗೆ ಚಾಚಲಿಲ್ಲ. ಗಂಜಿಯ ತಿಳಿ, ಮೆತ್ತನೆಯ ಅನ್ನ, ಮಜ್ಜಿಗೆ. ಗುಳಿಗೆ ಮುಗಿದ ಮೇಲೆ, ಅವಳ ಗಂಡ ಹೋದ ಆ ಹತ್ತೊಂಬತ್ತನೇ ಬೀಜದ ದಿನ ಬೆಳಗಿನ ರೈಲಿಗೇ ಹೋದ ಷಣ್ಮುಖಪ್ಪನಿಗೆ, ಹಾಜರಾ ಬಟ್ಟಲಿನ ಮೇಲೆ ಅಂಗೈ ಮುಚ್ಚಿ ಮುದುಡಿ ಕೂತಿದ್ದು ಕಂಡಿತು. ಅವತ್ತಿನ ಬೀಜವನ್ನು ಅವಳು ಎತ್ತಿರಲಿಲ್ಲ. ಅವನು ನಿಯಾಜನ ಹೊಟ್ಟೆ ನೋಡಿದ, ನಾಡಿ ನೋಡಿದ, ಏನೂ ಇಲ್ಲ ಎಂದ. ಅವಳು ಕೈ ತೆಗೆಯಲಿಲ್ಲ. ಇವನು ಎದ್ದು ಬರಬಹುದಿತ್ತು, ಬರಲಿಲ್ಲ. ಗೋಡೆಗೆ ಒರಗಿ ಕೂತ. ಅವನಿಗೂ ಹೆದರಿಕೆಯಾಗಿತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ. ಮಧ್ಯಾಹ್ನ ದಾಟಿ, ನಿಯಾಜ್ ಎದ್ದು ಕೂತು ಅಮ್ಮೀ ಹಸಿವು ಎಂದಾಗ ಅವಳು ಆ ಬೀಜವನ್ನು ದಾಟಿಸಿದಳು.

ಇಪ್ಪತ್ತೊಂದನೇ ದಿನ ತಲೆಗೆ ನೀರು ಬಿತ್ತು. ಡಾಕ್ಟರಿಗೆ ಒಂದು ಲೋಟ ಚಹಾ ಕೊಟ್ಟರು. ಕೂದಲು ಉದುರಿದ ತಲೆಯನ್ನು ಬಿಸಿಲಿಗೆ ಒಡ್ಡಿ ನಿಯಾಜ್ ಹೊಸಿಲ ಮೇಲೆ ಕೂತಿದ್ದ. ಹಾಜರಾ ಬೀಜಗಳನ್ನು ಬಟ್ಟೆಯ ಚೀಲಕ್ಕೆ ತುಂಬುತ್ತಿದ್ದಳು. ನನ್ನ ಆ ಸುಳ್ಳು ಬೀಜವನ್ನು ತೆಗೆದುಬಿಡಿ, ಎಸೆದುಬಿಡ್ತೀನಿ ಎಂದು ಷಣ್ಮುಖಪ್ಪ ಕೈ ಚಾಚಿದ. ಅವಳು ಚೀಲದೊಳಗೆ ಬೆರಳು ಹಾಕಿ, ನೋಡದೆಯೇ ಅದೊಂದನ್ನು ಹುಡುಕಿ ತೆಗೆದು, ಒಂದು ಗಳಿಗೆ ತಿರುವಿ, ಮತ್ತೆ ಒಳಗೇ ಹಾಕಿ ಚೀಲದ ಬಾಯಿ ಕಟ್ಟಿದಳು.

‘ಇರ್ಲಿ. ಇಪ್ಪತ್ತೊಂದು ದಿನ ಮನೇಲಿ ಇತ್ತು, ಅದರ ಗುರುತು ಸಿಕ್ಕಿದೆ,’ ಅಂದಳು. ಆಮೇಲೆ ಮೊದಲ ಸಲ ಅವನ ಮುಖ ನೋಡಿ ಸ್ವಲ್ಪ ನಕ್ಕಳು. ‘ನಿಮ್ಮದೂ ಸಿಕ್ತು ಡಾಕ್ಟ್ರೇ. ಇನ್ನು ನಮಗೇನೂ ಭಯ ಇಲ್ಲ.’